ನಿತ್ಯಛಾಯಾ ಮೀಮಾಂಸೆ: ಎಂ.ಕೆ. ಹುಬ್ಬಳ್ಳಿ ಸೀಮೆಯಲ್ಲಿ ದಿನಕ್ಕೊಂದು ಫೋಟೋ ಹೊಡೆಯುವವರ ಲಕ್ಷಣ, ಭೇದ ಮತ್ತು ದೋಷ ವಿಚಾರ

ಒಂದು: ಅನುಬಂಧ ಚತುಷ್ಟಯ

ಯಾವ ಶಾಸ್ತ್ರವೇ ಆಗಲಿ, ಬಾಗಿಲಲ್ಲೇ ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟು ಒಳಗೆ ಬರಬೇಕೆಂಬುದು ಹಳೆಯ ಪಂಡಿತರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು. ನಿತ್ಯಛಾಯಾಶಾಸ್ತ್ರವೂ ಇದಕ್ಕೆ ಹೊರತಲ್ಲ. ವಿಷಯ: ದಿನಕ್ಕೊಂದು ಫೋಟೋ, ತಪ್ಪದೆ, ಯಾರೂ ಕೇಳದಿದ್ದರೂ. ಪ್ರಯೋಜನ: ಕೊನೆಯವರೆಗೆ ಓದಿದವರಿಗೆ ತಿಳಿಯುತ್ತದೆ, ಮೊದಲೇ ಹೇಳಿಬಿಟ್ಟರೆ ಯಾರೂ ಮುಂದೆ ಓದುವುದಿಲ್ಲವೆಂಬುದು ಎಲ್ಲ ಶಾಸ್ತ್ರಕಾರರಿಗೂ ಗೊತ್ತಿದ್ದ ಗುಟ್ಟು. ಸಂಬಂಧ: ಹವ್ಯಾಸಿಗೂ ಅವನ ಮನೆಯವರಿಗೂ ಇರುವಂಥದ್ದು. ಬೆಳಗಿನ ಆರರಿಂದ ಎಂಟರ ತನಕ ಅದು ಅಷ್ಟೇನೂ ಚೆನ್ನಾಗಿರುವುದಿಲ್ಲ, ಯಾಕೆಂದರೆ ಹಾಲು ತರಬೇಕಾದವನು ಆ ಹೊತ್ತಿಗೆ ಹೊಳೆ ದಂಡೆಯಲ್ಲಿರುತ್ತಾನೆ.

ನಾಲ್ಕನೆಯದಾದ ಅಧಿಕಾರಿಯ ವಿಚಾರದಲ್ಲಿ ಎಂ.ಕೆ. ಹುಬ್ಬಳ್ಳಿಗೆ ತನ್ನದೇ ಆದ ಮತವಿದೆ. ಕ್ಯಾಮೆರಾ ಹಿಡಿದವರೆಲ್ಲ ಅಧಿಕಾರಿಗಳೇ ಎಂಬುದು ಆ ಮತ. ಬೆಳಗಾವಿಗೂ ಧಾರವಾಡಕ್ಕೂ ನಡುವೆ, ಮಲಪ್ರಭೆಯ ದಂಡೆಗೆ, ಪುಣೆ–ಬೆಂಗಳೂರು ಹೆದ್ದಾರಿಗೆ ಅಂಟಿಕೊಂಡ ಊರಿದು. ಹೆದ್ದಾರಿ ಹಿಗ್ಗುತ್ತ ಬಂದದ್ದನ್ನು ಕಂಡ ಜನಕ್ಕೆ ಮೂರು ಕಾಲಿನ ಸ್ಟ್ಯಾಂಡ್ ಕಂಡರೆ ಎದೆ ಝಲ್ಲೆನ್ನುವುದು ಸಹಜ. ಸೇತುವೆ ಹತ್ತಿರ ಸ್ಟ್ಯಾಂಡ್ ಊರಿ ನಿಂತ ಯಾವ ಹವ್ಯಾಸಿಗೂ ಈ ಸಂವಾದ ತಪ್ಪಿದ್ದಲ್ಲ:

“ಏನ್ರೀ ಸರ್, ಮತ್ತ ರಸ್ತಾ ಅಗಲ ಮಾಡ್ತಾರೇನ್ರಿ?”

“ಇಲ್ರೀ ಕಾಕಾ, ಸುಮ್ನ ಫೋಟೋ ಹೊಡ್ಯಾಕತ್ತೇನ್ರಿ.”

“ಸುಮ್ನ ಅಂದ್ರ? ಯಾವ ಇಲಾಖೆದವ್ರ್ರೀ?”

“ಯಾವ ಇಲಾಖೇನೂ ಇಲ್ರೀ. ದಿನಾ ಒಂದ್ ಹೊಡೀತೇನ್ರಿ, ಹವ್ಯಾಸ.”

“ಪಗಾರ?”

“ಇಲ್ರೀ.”

“ಹಂಗಾರ ದಿನಾ ಯಾಕ ಬರ್ತೀಯೋ ತಮ್ಮಾ?”

ಪಗಾರ ಇಲ್ಲವೆಂದು ತಿಳಿದ ಕ್ಷಣವೇ ‘ಸರ್’ ಮತ್ತು ‘ರೀ’ ಎರಡೂ ಬಿದ್ದುಹೋಗಿ ‘ತಮ್ಮಾ’ ಬಂದದ್ದನ್ನು ವಿದ್ವಾಂಸರು ಗಮನಿಸಬೇಕು. ಹವ್ಯಾಸಿಯ ಲಕ್ಷಣವನ್ನು ಇಷ್ಟು ಚುರುಕಾಗಿ ಯಾವ ಕೋಶವೂ ಹೇಳಿಲ್ಲ: ಕೆಲಸ ಇಲಾಖೆಯದ್ದು, ಶ್ರದ್ಧೆ ಇಲಾಖೆಯದ್ದಲ್ಲ, ಪಗಾರ ಸೊನ್ನೆ. ಹವ್ಯಾಸಿ ಹೆಣ್ಣಾಗಿದ್ದರೆ ಮಾತ್ರ ರಸ್ತೆಯ ಪ್ರಶ್ನೆ ಬರುವುದಿಲ್ಲ. “ಯಾರ ಮಗಳವಾ ನೀ?” ಎಂದೇ ವಿಚಾರಣೆ ಶುರುವಾಗುತ್ತದೆ.

ಎರಡು: ಪೂರ್ವಚರಿತ್ರೆ, ಅಥವಾ ಯಾರು ತಡವಾಗಿ ಬಂದರು

ಕಿತ್ತೂರು ಸೀಮೆಯ ಮಟ್ಟಿಗೆ ಛಾಯಾಗ್ರಹಣದ ಮೊದಲ ದೋಷವೆಂದರೆ ಅದು ತಡವಾಗಿ ಹುಟ್ಟಿದ್ದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದಾಗ ಜಗತ್ತಿನಲ್ಲಿ ಉಳಿದು ಬಂದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರ ಇನ್ನೂ ಹುಟ್ಟಿರಲಿಲ್ಲ. ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ ತನ್ನ ಮನೆಯ ಕಿಟಕಿಯಿಂದ ಕಂಡ ಮಾಳಿಗೆಗಳನ್ನು ತವರದ ಮಿಶ್ರಲೋಹದ ಫಲಕದ ಮೇಲೆ ಮೂಡಿಸಿದ್ದು 1826 ಅಥವಾ 1827ರಲ್ಲಿ. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಬಂದಿಯಾಗಿ ತೀರಿಕೊಂಡದ್ದು 1829ರ ಫೆಬ್ರುವರಿಯಲ್ಲಿ. ಡಗೇರ್‌ನ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾದದ್ದು 1839ರ ಆಗಸ್ಟ್ 19ಕ್ಕೆ. ಅಷ್ಟರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿ ಎಂಟು ವರ್ಷ ದಾಟಿತ್ತು.

ನಡುವಿನ ಎರಡು ಮೂರು ವರ್ಷದಲ್ಲಿ ನಿಯೆಪ್ಸ್ ಹೇಗಾದರೂ ಮಾಡಿ ಬೈಲಹೊಂಗಲಕ್ಕೆ ಬಂದಿದ್ದರೆ? ಈ ಪ್ರಶ್ನೆಯನ್ನು ಶಾಸ್ತ್ರ ತಳ್ಳಿಹಾಕುತ್ತದೆ. ಅವನ ಫಲಕಕ್ಕೆ ಬೆಳಕು ತಾಗಲು ಕಡಿಮೆಯೆಂದರೂ ಎಂಟು ತಾಸು ಬೇಕಿತ್ತೆಂದು ಹೇಳುತ್ತಾರೆ. ಅಷ್ಟು ಹೊತ್ತು ಅಲುಗದೆ ಕೂಡ್ರಿ ಎಂದು ಕಿತ್ತೂರಿನ ರಾಣಿಗೆ ಹೇಳುವ ಧೈರ್ಯ ಬ್ರಿಟಿಷರಿಗೇ ಇರಲಿಲ್ಲ, ಇನ್ನು ಫ್ರೆಂಚರಿಗೆಲ್ಲಿಂದ ಬರಬೇಕು. ಹೀಗಾಗಿ ಈ ಸೀಮೆಯ ಮನೆಗಳಲ್ಲಿ ಚೆನ್ನಮ್ಮನೆಂದು ಕೈಮುಗಿಯುವ ಮುಖಗಳೆಲ್ಲ ಚಿತ್ರಕಾರರ ಕಲ್ಪನೆ. 1961ರಲ್ಲಿ ಬಿ.ಆರ್. ಪಂತುಲು ‘ಕಿತ್ತೂರು ಚೆನ್ನಮ್ಮ’ ಸಿನಿಮಾ ಮಾಡಿದ ಮೇಲೆ ಅನೇಕರ ಕಣ್ಣಿಗೆ ರಾಣಿ ಬಿ. ಸರೋಜಾದೇವಿಯವರ ಮುಖ ತೊಟ್ಟುಕೊಂಡೇ ಬರುತ್ತಾರೆ. ಒಂದು ಫೋಟೋ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ತಡವಾದರೂ ಕ್ಯಾಮೆರಾ ಈ ಕಡೆ ಬಂತು. ತಂದವರು ಕಸುಬುದಾರರಲ್ಲ. ಒಬ್ಬ ತೋಪಿನ ದಳದ ಅಧಿಕಾರಿ ಥಾಮಸ್ ಬಿಗ್ಸ್. 1855ರಲ್ಲಿ ಮುಂಬಯಿ ಸರ್ಕಾರ ಅವನ ಕೈಗೆ ಕ್ಯಾಮೆರಾ ಕೊಟ್ಟು ದಕ್ಷಿಣದ ಗುಡಿ-ಗೋರಿಗಳ ಚಿತ್ರ ತೆಗೆದುಕೊಂಡು ಬಾ ಎಂದಿತು. ಅವನ ಜಾಗಕ್ಕೆ ಬಂದವನು ಡಾಕ್ಟರ್ ಪಿಗೂ. ಮೈಸೂರು ಕಡೆಯ ಚಿತ್ರಗಳನ್ನು ತೆಗೆದ ನೀಲ್ ಕೂಡ ಡಾಕ್ಟರನೇ. ಇವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಬಂದವು. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್‌ರದು. ಎಂ.ಕೆ. ಹುಬ್ಬಳ್ಳಿಯ ಮುಂದೆ ಹರಿದ ಮಲಪ್ರಭೆಯೇ ಮುಂದೆ ಇವರು ಚಿತ್ರ ತೆಗೆದ ಪಟ್ಟದಕಲ್ಲು, ಐಹೊಳೆಗಳ ಪಕ್ಕದಲ್ಲೂ ಹರಿಯುತ್ತದೆ. ಆ ಲೆಕ್ಕದಲ್ಲಿ ಹೊಳೆ ದಂಡೆಯ ಹವ್ಯಾಸಿಗಳ ವಂಶವೃಕ್ಷ ಸಾಕಷ್ಟು ಹಳೆಯದು.

ಹವ್ಯಾಸಿಗಳು ಎಂಥೆಂಥವರು ಇರುತ್ತಾರೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಗಳಿವೆ. ಸಂಡೂರಿನ ಎಂ.ವೈ. ಘೋರ್ಪಡೆ 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರು. ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರಾದವರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಕಾದಂಬರಿ ಬರೆಯುವುದನ್ನೂ ಕಾಫಿ ತೋಟವನ್ನೂ ಬಿಟ್ಟು ಹಕ್ಕಿಗಾಗಿ ತಾಸುಗಟ್ಟಲೆ ಕಾದವರು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇಂಥವರನ್ನು ಒಟ್ಟುಗೂಡಿಸುತ್ತ ಬಂದಿದೆ. ಬಜೆಟ್ ಮಂಡಿಸುವವರಿಗೇ ಬಿಡದ ಹವ್ಯಾಸ ಬೈಲಹೊಂಗಲದ ಮಾಸ್ತರರೊಬ್ಬರಿಗೆ ಅಂಟಿದರೆ ವಿಶೇಷವಿಲ್ಲ.

ಮೂರು: ದಿನಾ ಹೊಡೆಯುವವರಲ್ಲಿ ಎರಡು ಜಾತಿ

ದಿನವೂ ಫೋಟೋ ಹೊಡೆಯುವವರೆಲ್ಲ ಹವ್ಯಾಸಿಗಳೆಂದು ತಿಳಿಯುವುದು ಅತಿವ್ಯಾಪ್ತಿ ದೋಷ. ಉದ್ಯೋಗ ಖಾತ್ರಿ ಕೆಲಸದಲ್ಲಿ ಕೂಲಿಕಾರರ ಹಾಜರಿ ನೋಡಿಕೊಳ್ಳುವ ‘ಕಾಯಕ ಬಂಧು’ಗಳನ್ನು ನೋಡಿ. 2023ರ ಜನವರಿ 1ರಿಂದ ಕೂಲಿಕಾರರ ಹಾಜರಿಯನ್ನು ಆ್ಯಪ್‌ನಲ್ಲೇ ಹಾಕಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೋ, ಎರಡಕ್ಕೂ ಸಮಯ ಮತ್ತು ಸ್ಥಳದ ಗುರುತು. ಕೆರೆ ಹೂಳಿನಲ್ಲಿ ನಿಂತು, ನೆಟ್‌ವರ್ಕ್ ಹುಡುಕಿ ಕೈಯನ್ನು ಆಕಾಶಕ್ಕೆತ್ತಿ, ಎಲ್ಲರ ಮುಖವೂ ಚೌಕಟ್ಟಿನೊಳಗೆ ಬರುವಂತೆ ಹಿಂದಕ್ಕೆ ಹಿಂದಕ್ಕೆ ಸರಿಯುವ ಕಾಯಕ ಬಂಧು ಹೆಣ್ಣುಮಗಳು ಹವ್ಯಾಸಿಗಿಂತ ಎರಡು ಪಟ್ಟು ಶಿಸ್ತಿನವಳು. ಇನ್ನು ಬೆಳೆ ಸಮೀಕ್ಷೆಯ ಆ್ಯಪ್‌ಗಾಗಿ ತನ್ನ ಹೊಲದಲ್ಲೇ ನಿಂತು ಗೋವಿನಜೋಳದ ಫೋಟೋ ತೆಗೆಯುವ ರೈತ. ಇವರಿಬ್ಬರಿಗೂ ನಿತ್ಯಛಾಯಾಶಾಸ್ತ್ರದಲ್ಲಿ ಗೌರವದ ಸ್ಥಾನವಿದೆ, ಆದರೆ ಹವ್ಯಾಸಿಗಳ ಪಟ್ಟಿಯಲ್ಲಿಲ್ಲ. ಫೋಟೋ ಏರದಿದ್ದರೆ ಇವರ ಕೂಲಿ, ಪರಿಹಾರ ನಿಲ್ಲಬಹುದು. ಹವ್ಯಾಸಿಯ ಫೋಟೋ ಏರದಿದ್ದರೆ ಜಗತ್ತಿನಲ್ಲಿ ಏನೂ ನಿಲ್ಲುವುದಿಲ್ಲ. ಅದೇ ಅವನ ಸ್ವಾತಂತ್ರ್ಯ, ಅದೇ ಅವನ ಸಂಕಟ.

ಶುದ್ಧ ಹವ್ಯಾಸಿಗೆ ಪರದೇಶದ ಪ್ರಮಾಣಗಳು ಬೇಕೆನ್ನುವವರಿಗೆ ಮೂವರ ಹೆಸರು ಸಾಕು. ನ್ಯೂಯಾರ್ಕಿನ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೋಲರಾಯ್ಡ್ ತೆಗೆಯುತ್ತ ಹೋದ. 1997ರ ಅಕ್ಟೋಬರ್ 25ರಂದು, ತನ್ನ ಹುಟ್ಟುಹಬ್ಬದ ದಿನವೇ, ಕ್ಯಾನ್ಸರ್‌ನಿಂದ ತೀರಿಕೊಳ್ಳುವ ತನಕ ನಿಲ್ಲಿಸಲಿಲ್ಲ. ಉಳಿದ ಚಿತ್ರಗಳು 6,697. ತಾರೀಖು ಹಿಡಿದು ಎಣಿಸಿದರೆ ಎಂಬತ್ತಕ್ಕೂ ಹೆಚ್ಚು ದಿನದ ಬಾಕಿ ಕಾಣುತ್ತದೆ. ಇಂಥ ಬಾಕಿಯನ್ನು ಶಾಸ್ತ್ರ ಮನ್ನಾ ಮಾಡುತ್ತದೆ. ಬಾಸ್ಟನ್ನಿನ ಕಾರ್ಲ್ ಬ್ಯಾಡನ್ 1987ರ ಫೆಬ್ರುವರಿ 23ರಿಂದ ತನ್ನದೇ ಮುಖದ ಫೋಟೋ ತೆಗೆಯುತ್ತಿದ್ದಾನೆ. ನೋವಾ ಕಲೀನಾ ಅದೇ ಕೆಲಸವನ್ನು 2000ದ ಜನವರಿಯಲ್ಲಿ ಶುರುಮಾಡಿ, 2006ರಲ್ಲಿ ಅವನ್ನೆಲ್ಲ ಜೋಡಿಸಿ ವಿಡಿಯೋ ಮಾಡಿದ. ಕೋಟ್ಯಂತರ ಜನ ನೋಡಿದರು. ದಿನಾ ತನ್ನ ಮುಖವನ್ನೇ ಹೊಡೆದುಕೊಳ್ಳುವ ಈ ಪಂಥ ನಮ್ಮ ಕಡೆ ಅಷ್ಟಾಗಿ ನೆಲೆಯೂರಿಲ್ಲ. “ದಿನಾ ಅದ ಮಾರಿ ಏನ್ ನೋಡೂದ?” ಎಂಬ ಮನೆಮಂದಿಯ ಒಂದೇ ಮಾತು ಅದನ್ನು ಮೊಳಕೆಯಲ್ಲೇ ಚಿವುಟುತ್ತದೆ.

ನಾಲ್ಕು: ಉಪಕರಣ ವಿಚಾರ

ಈ ಶಾಸ್ತ್ರ ಕಲಿಯುಗದಲ್ಲೇ ಯಾಕೆ ಹಬ್ಬಿತು? ಉತ್ತರ ಅರ್ಥಶಾಸ್ತ್ರದಲ್ಲಿದೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3 ಡಬ್ಬಿಗೆ ಒಂದು ರೋಲ್ ಹಾಕಿದರೆ ಬರುತ್ತಿದ್ದದ್ದು 12 ಚೌಕ ಚಿತ್ರ. 35 ಮಿಲಿಮೀಟರ್ ರೋಲಿನಲ್ಲಿ 36. ರೋಲ್ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಆಗಿರಲಿ, ಪರದೇಶದ್ದಾಗಿರಲಿ, ಬೈಲಹೊಂಗಲ ಇಲ್ಲವೇ ಬೆಳಗಾವಿಯ ಸ್ಟುಡಿಯೋಕ್ಕೆ ಕೊಟ್ಟು, ತೊಳೆಸಿ, ಪ್ರಿಂಟ್ ಹಾಕಿಸುವುದರಲ್ಲಿ ಕೈ ಬರಿದಾಗುತ್ತಿತ್ತು. ಅಂಥ ಕಾಲದಲ್ಲಿ ಚಹಾದ ಬಸಿಯ ಫೋಟೋ ತೆಗೆದವನನ್ನು ಧಾರವಾಡದ ಮಾನಸಿಕ ಆಸ್ಪತ್ರೆಗೆ ತೋರಿಸಬೇಕೆಂದು ಮನೆಯವರು ಯೋಚಿಸಿದರೆ ತಪ್ಪೆನ್ನಲಾಗದು.

ಆದ್ದರಿಂದ ಹಳೆಯ ಆಲ್ಬಮ್‌ಗಳಲ್ಲಿ ಇರುವುದೆಲ್ಲ ದೊಡ್ಡ ದಿನಗಳೇ: ಲಗ್ನ, ಕುಬಸ, ತೊಟ್ಟಿಲು, ನಿವೃತ್ತಿಯ ಹಾರ, ಕೊನೆಗೆ ಕುರ್ಚಿಯಲ್ಲಿ ಕೂಡ್ರಿಸಿದ ಹೆಣ. ಅಡಿಗೆಮನೆಯ ಒಲೆ, ದನದ ಕೊಟ್ಟಿಗೆ, ಹಿತ್ತಲಿನ ಬಾವಿ, ಸಂತೆಗೆ ಹೊರಟ ಚಕ್ಕಡಿ ಇವು ಯಾವುವೂ ಸಿಗುವುದಿಲ್ಲ. ಎಲ್ಲರಿಗೂ ದಿನಾ ಕಾಣುತ್ತಿದ್ದುದಕ್ಕೆ ರೋಲ್ ಸುಡುವವರು ಯಾರು?

ಬಡವನ ಕೈಗೂ ಈ ಶಾಸ್ತ್ರ ದಕ್ಕಿದ್ದು ಫಿಲ್ಮ್ ಹೋದ ಮೇಲೆ. ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಕಪ್ಪು-ಬಿಳುಪಿನದು. ಚಿತ್ರದಲ್ಲಿದ್ದದ್ದು 10,000 ಚುಕ್ಕೆ, ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್. ಈಗ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಹುಡುಗನ ಫೋನಿನಲ್ಲಿ ಕೋಟಿಗಟ್ಟಲೆ ಚುಕ್ಕೆ.

ಫೋನ್ ಸಾಲದೆಂದು ದೊಡ್ಡ ಕ್ಯಾಮೆರಾ ಕೊಂಡವನಿಗೆ ಮಳೆಗಾಲ ಪಾಠ ಕಲಿಸುತ್ತದೆ. ಖಾನಾಪುರ ಕಡೆಯ ಮಳೆ ಜೂನ್‌ನಲ್ಲಿ ಹಿಡಿದರೆ ತಿಂಗಳುಗಟ್ಟಲೆ ಜಿಟಿಜಿಟಿ ಬಿಡುವುದಿಲ್ಲ. ಲೆನ್ಸಿನ ಗಾಜಿನೊಳಗೆ ಎಳೆ ಎಳೆಯಾಗಿ ಬೂಸು ಬೆಳೆಯುತ್ತದೆ. ಇದಕ್ಕೆ ಶಾಸ್ತ್ರೋಕ್ತ ಪರಿಹಾರ ಗಾಳಿಯಾಡದ ಡಬ್ಬಿ ಮತ್ತು ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆಗಳು. ಮನೆಯಲ್ಲಿ ಮುಚ್ಚಳ ಗಟ್ಟಿಯಿರುವ ಡಬ್ಬಿ ಒಂದೇ, ಅದರಲ್ಲಿ ಶೇಂಗಾ ಹಿಂಡಿ ಇರುತ್ತದೆ. ಡಬ್ಬಿಗಾಗಿ ನಡೆಯುವ ಈ ಕದನದಲ್ಲಿ ಗೆಲ್ಲುವುದು ಯಾವಾಗಲೂ ಹಿಂಡಿಯೇ. ಎಂದಾದರೂ ಕ್ಯಾಮೆರಾ ಗೆದ್ದರೆ ಆ ವರ್ಷ ಪೂರ್ತಿ ವ್ಯೂಫೈಂಡರ್‌ಗೆ ಕಣ್ಣಿಟ್ಟಾಗಲೆಲ್ಲ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತದೆ.

ಐದು: ಕಾಲನಿರ್ಣಯ

ಎಂ.ಕೆ. ಹುಬ್ಬಳ್ಳಿ ಸೀಮೆ ಇರುವುದು ಸುಮಾರು 15.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇದರಿಂದ ಹವ್ಯಾಸಿಗೆ ಎರಡು ಪರಿಣಾಮ. ಒಂದು, ಮೇ ಮೊದಲ ವಾರದಲ್ಲೂ ಆಗಸ್ಟ್ 10ರ ಆಸುಪಾಸಿನಲ್ಲೂ ನಡುಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳಿಲ್ಲ, ಮನುಷ್ಯನ ಕಣ್ಣಿನ ಗುಳಿಗೆ ಮಾತ್ರ ಕಪ್ಪು ನೆರಳು. ಆಗಸ್ಟ್‌ನಲ್ಲಿ ಮೋಡ ಕಾಪಾಡುತ್ತದೆ. ಮೇ ತಿಂಗಳಲ್ಲಿ ಕಾಪಾಡುವವರಿಲ್ಲ. ಆ ದಿನಗಳಲ್ಲಿ ಹನ್ನೆರಡಕ್ಕೆ ತೆಗೆದ ಫೋಟೋದಲ್ಲಿ ಎಂಥ ಸುಂದರನೂ ಸಾಲಗಾರನಾಗಿ ಕಾಣುತ್ತಾನೆ.

ಎರಡನೆಯದು, ಹೊಂಬೆಳಕಿನ ಅಭಾವ. ಪರದೇಶದ ಪುಸ್ತಕಗಳು ‘ಬಂಗಾರದ ತಾಸು’ ಎಂದು ಬರೆಯುತ್ತವೆ. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತ ನಿಧಾನಕ್ಕೆ ಮುಳುಗುತ್ತಾನೆ. ಇಲ್ಲಿ ನೆಟ್ಟಗೆ ಇಳಿಯುತ್ತಾನೆ. ಕ್ಷಿತಿಜಕ್ಕಿಂತ ಆರು ಡಿಗ್ರಿ ಮೇಲಿದ್ದವನು ಮುಳುಗಲು ಸುಮಾರು 25 ನಿಮಿಷ. ಆ 25 ನಿಮಿಷದಲ್ಲಿ ಹವ್ಯಾಸಿ ಗಾಡಿ ನಿಲ್ಲಿಸಿ, ಚೀಲ ಬಿಚ್ಚಿ, “ಯಾವ ಇಲಾಖೆದವ್ರ್ರೀ?” ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಕತ್ತಲು.

ಋತುಭೇದವೂ ಇದೆ. ಶ್ರಾವಣದಲ್ಲಿ ಮಲಪ್ರಭೆ ಕೆಂಪು ರಾಡಿಯಾಗಿ ಉಕ್ಕುತ್ತದೆ. ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ. ಮೂರು ದಿನ ಹವ್ಯಾಸಿಗೆ ವಿಷಯದ ಚಿಂತೆಯಿಲ್ಲ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು, ಅವುಗಳ ಹಾಡು, ಊರಿನ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಭಂಡಾರದ ಹಳದಿ ಗಾಳಿಯಲ್ಲೇ ತೇಲುತ್ತದೆ, ಲೆನ್ಸಿನ ಮೇಲೂ ಕೂಡುತ್ತದೆ. ಚೈತ್ರ ದಾಟಿದ ಮೇಲೆ ಹೊಳೆಯಲ್ಲಿ ಬಂಡೆ, ಹೊಲದಲ್ಲಿ ಬಿರುಕು ಬಿಟ್ಟ ಎರೆ. ಹವ್ಯಾಸದ ಬೇರು ಗಟ್ಟಿಯಿದೆಯೋ ಇಲ್ಲವೋ ಎಂಬುದು ಆ ದಿನಗಳಲ್ಲೇ ಗೊತ್ತಾಗುವುದು.

ಆರು: ಹವ್ಯಾಸಿಗಳ ಭೇದ

ವಸ್ತುವನ್ನು ಹಿಡಿದು ಹವ್ಯಾಸಿಗಳಲ್ಲಿ ಐದು ಪಂಥ.

ಉದಯಪಂಥಿ: ಹೊಳೆಯ ಮೇಲೆ ಮಂಜು, ಅದರಲ್ಲಿ ಒಂದು ಬೆಳ್ಳಕ್ಕಿ. ಬೆಳ್ಳಕ್ಕಿ ಬರುವ ತನಕ ಇವನು ಕದಲುವುದಿಲ್ಲ. ಬೆಳ್ಳಕ್ಕಿಗೆ ಅದು ಗೊತ್ತಿಲ್ಲ.

ಪಕ್ಷಿಪಂಥಿ: ಮೊಳದುದ್ದದ ಲೆನ್ಸ್, ಎಲೆ ಬಣ್ಣದ ಅಂಗಿ. ಮಿಂಚುಳ್ಳಿ, ಕಾಜಾಣಗಳ ಜೊತೆ ಇವನಿಗೆ ಹೆಚ್ಚು ಸಲಿಗೆ, ನೆಂಟರಿಷ್ಟರ ಜೊತೆ ಕಡಿಮೆ. ಮಗನ ಲಗ್ನದಲ್ಲೂ ಮಾವಿನ ಗಿಡದ ಕಡೆಗೇ ನೋಡುತ್ತಿರುತ್ತಾನೆ.

ಭಗ್ನಪಂಥಿ: ಕಿತ್ತೂರಿನ ಅರಮನೆಯ ಪಾಳು ಗೋಡೆ, ದೇಗಾವಿಯ ಕಮಲನಾರಾಯಣ ಗುಡಿ, ಹೂಲಿಯ ಪಂಚಲಿಂಗೇಶ್ವರ, ಸೊಗಲದ ಸೋಮನಾಥ. ಯಾರೂ ಇಲ್ಲದ ಹೊತ್ತು ನೋಡಿ ಹೋಗುತ್ತಾನೆ. ಮನುಷ್ಯರು ಬಂದರೆ ಇತಿಹಾಸ ಕೆಟ್ಟಿತೆಂದು ಸಿಡಿಮಿಡಿಗೊಳ್ಳುತ್ತಾನೆ.

ಜಾತ್ರಾಪಂಥಿ: ಇವನಿಗೆ ಮನುಷ್ಯರೇ ಬೇಕು, ಅದರಲ್ಲೂ ಸುಕ್ಕುಗಟ್ಟಿದ ಮುಖ. ಗೊಡಚಿಯ ವೀರಭದ್ರನ ತೇರಿನಲ್ಲಿ ಅಜ್ಜನೊಬ್ಬ ಬಾಳೆಹಣ್ಣು ಎಸೆಯುವುದನ್ನು ಕಾದು, ಕೊನೆಗೆ ಹಣ್ಣು ತನ್ನ ಕ್ಯಾಮೆರಾಕ್ಕೇ ಬಡಿಸಿಕೊಂಡು ಬರುತ್ತಾನೆ.

ಕೊನೆಯವನು ಅಂತ್ಯಕಾಲಪಂಥಿ. ಉಳಿದ ನಾಲ್ವರೂ ಒಂದಲ್ಲ ಒಂದು ದಿನ ಇವನ ಪಂಥಕ್ಕೆ ಸೇರುವವರೇ. ರಾತ್ರಿ ಹನ್ನೊಂದು ಮುಕ್ಕಾಲಿಗೆ ಹಾಸಿಗೆಯಲ್ಲಿ ಹೊರಳಿದವನಿಗೆ ಇವತ್ತಿನ ಫೋಟೋ ಆಗಿಲ್ಲವೆಂದು ಥಟ್ಟನೆ ನೆನಪಾಗುತ್ತದೆ. ಆಗ ಸಿಗುವ ವಸ್ತುಗಳು ಇಷ್ಟೇ: ಗೋಡೆಯ ಕ್ಯಾಲೆಂಡರ್, ಬಾಗಿಲ ಹಿಂದಿನ ಛತ್ರಿ, ಮಡಚಿಟ್ಟ ಹೆಗಲ ಟವೆಲ್, ಗೊರಕೆ ಹೊಡೆಯುವ ತಂದೆ, ಅರ್ಧ ರೊಟ್ಟಿ ಉಳಿದ ಬುಟ್ಟಿ. ದೀಪ ಹಾಕಿದರೆ ಮನೆಮಂದಿ ಏಳುತ್ತಾರೆ, ಹಾಕದಿದ್ದರೆ ಫೋಟೋ ಬರುವುದಿಲ್ಲ. ಈ ಪಂಥದವರ ಚಿತ್ರಗಳಲ್ಲಿ ಕಲೆ ಇರುವುದಿಲ್ಲ. ಹಾಗಿದ್ದೂ ಶಾಸ್ತ್ರದ ಪ್ರಕಾರ ಐವರಲ್ಲಿ ಇವನೇ ಶ್ರೇಷ್ಠ, ಕಾರಣ ಸಿದ್ಧಾಂತಭಾಗದಲ್ಲಿದೆ.

ಏಳು: ದೋಷ ವಿಚಾರ

ಕಾವ್ಯಕ್ಕೆ ದೋಷಗಳಿದ್ದಂತೆ ಫೋಟೋಕ್ಕೂ ಇವೆ. ವಕ್ರದೋಷ: ಕ್ಷಿತಿಜ ಓರೆಯಾಗಿ, ಮಲಪ್ರಭೆ ಕಿತ್ತೂರಿನ ಕಡೆಗೆ ಚೆಲ್ಲಿಹೋಗುತ್ತಿರುವಂತೆ ಕಾಣುವುದು. ತಂತಿದೋಷ: ಎಲ್ಲಿ ನಿಂತರೂ ಕರೆಂಟಿನ ತಂತಿ ಸೂರ್ಯನನ್ನು ಎರಡು ಹೋಳು ಮಾಡುವುದು. ಸಮ್ಮುಖದೋಷ: ಸಹಜವಾಗಿ ಹತ್ತಿ ಬಿಡಿಸುತ್ತಿದ್ದವರು ಕ್ಯಾಮೆರಾ ಕಂಡಕೂಡಲೇ ಸೆರಗು ಸರಿಮಾಡಿಕೊಂಡು ಸಾಲಾಗಿ ನಿಂತು, ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಂತೆ ನಗುವನ್ನು ನುಂಗಿಕೊಳ್ಳುವುದು. ಅತಿರಂಜನ ದೋಷ: ಜುಲೈನ ರಾಡಿ ನೀರನ್ನು ಮೊಬೈಲಿನಲ್ಲಿ ಉಜ್ಜಿ ಉಜ್ಜಿ ನೀಲಿ ಮಾಡುವುದು. ಮಲಪ್ರಭೆಯನ್ನು ಕಂಡವರು ಇದನ್ನು ನಂಬುವುದಿಲ್ಲ, ಕಾಣದವರು ನೋಡಲು ಬಂದು ಬೈಯುತ್ತಾರೆ.

ಇವೆಲ್ಲಕ್ಕಿಂತ ದೊಡ್ಡದೆಂದು ಹೇಳುವುದು ಪುನರುಕ್ತಿ. ಹೊಳೆಯ ಪಾತ್ರದಲ್ಲೇ ಇರುವ ಗಂಗಾಂಬಿಕೆಯ ಐಕ್ಯ ಮಂಟಪವನ್ನು ತೆಗೆದುಕೊಳ್ಳಿ. ಬಸವಣ್ಣನವರ ಪತ್ನಿ ಐಕ್ಯವಾದ ಜಾಗವೆಂದು ನಾಡಿನ ಮೂಲೆಮೂಲೆಯಿಂದ ಶರಣರು ಬರುತ್ತಾರೆ. ಕಣಕುಂಬಿಯಲ್ಲಿ ಹುಟ್ಟಿ ಇಲ್ಲಿಗೆ ಬಂದ ಈ ಹೊಳೆ, ಕೃಷ್ಣೆಯನ್ನು ಕೂಡುವುದು ಬಸವಣ್ಣನವರು ಐಕ್ಯರಾದ ಕೂಡಲಸಂಗಮದಲ್ಲಿ. ಊರ ಹವ್ಯಾಸಿ ಈ ಮಂಟಪವನ್ನು ಅದೇ ಸೇತುವೆಯಿಂದ, ಅದೇ ಎತ್ತರದಿಂದ ದಿನಾ ಹೊಡೆಯುತ್ತಾನೆ. “ನಿನ್ನೀದ ಐತಲ್ಲ, ಮತ್ತ್ಯಾಕ?” ಎನ್ನುತ್ತದೆ ಚಹಾದಂಗಡಿ. ಕಾವ್ಯಮೀಮಾಂಸಕರೂ ಅದನ್ನೇ ಹೇಳಿಯಾರು. ಆದರೆ ಒಂದು ವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟರೆ ಮಂಟಪದ ಗೋಡೆಗೆ ನೀರು ಯಾವ ವಾರ ಏರಿತು, ಯಾವ ವಾರ ಇಳಿಯಿತು, ಬಂಡೆ ಎಂದು ಬಯಲಾಯಿತು ಎಂಬುದೆಲ್ಲ ಅಲ್ಲಿರುತ್ತದೆ. ಹತ್ತು ವರ್ಷದ್ದಿದ್ದರೆ ಮಳೆಯ ಚರಿತ್ರೆಯೇ ಆಯಿತು. ಬೇರೆ ಶಾಸ್ತ್ರಗಳಲ್ಲಿ ದೋಷವಾದ ಪುನರುಕ್ತಿ ಈ ಶಾಸ್ತ್ರದ ಪ್ರಾಣ.

ಎಂಟು: ಪೂರ್ವಪಕ್ಷ ಮತ್ತು ಸಿದ್ಧಾಂತ

ಪೂರ್ವಪಕ್ಷ ಮನೆಯೊಳಗಿನಿಂದಲೇ ಬರುತ್ತದೆ. ಒಂದು, ರೊಕ್ಕ ಬರುವುದಿಲ್ಲ. ಎರಡು, ಇದಕ್ಕಿಂತ ಛಲೋ ಫೋಟೋ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಮೂರು, ಸತ್ತ ಮೇಲೆ ಇವನ್ನೆಲ್ಲ ಯಾರು ನೋಡುತ್ತಾರೆ?

ಮೊದಲ ಎರಡನ್ನು ಶಾಸ್ತ್ರ ಒಪ್ಪಿಕೊಳ್ಳುತ್ತದೆ. ಮೂರನೆಯದಕ್ಕೆ ಉತ್ತರ ಹಂಪಿಯಲ್ಲಿದೆ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಹವ್ಯಾಸಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಅಲ್ಲಿನ ಗುಡಿ, ಮಂಟಪಗಳನ್ನು ಹಿಡಿದ. ವಿಠ್ಠಲ ಗುಡಿಯ ಕಲ್ಲಿನ ತೇರಿನ ಅವನ ಚಿತ್ರದಲ್ಲಿ ತೇರಿನ ಮೇಲೊಂದು ಇಟ್ಟಿಗೆಯ ಗೋಪುರವಿದೆ. ಈಗ ಅದಿಲ್ಲ. 50 ರೂಪಾಯಿಯ ನೋಟು ತೆಗೆದು ಹಿಂಬದಿ ನೋಡಿ, ತೇರು ಬೋಳು. ನಾಡಿನ ಜನರೆಲ್ಲ ಜೇಬಿನಲ್ಲಿಟ್ಟುಕೊಂಡು ಓಡಾಡುವ ತೇರಿಗೆ ಒಮ್ಮೆ ಶಿಖರವಿತ್ತೆಂದು ಕಣ್ಣಾರೆ ತೋರಿಸುವುದು ಒಬ್ಬ ಹವ್ಯಾಸಿಯ ಕಾಗದದ ತುಂಡು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟರೆ 127 ವರ್ಷದಲ್ಲಿ ಬಿದ್ದದ್ದು, ಎದ್ದದ್ದು ಎಲ್ಲ ಕಣ್ಣೆದುರಿಗಿದೆ.

ಹಂಪಿ ದೂರವಾದರೆ ರಾಮದುರ್ಗವಿದೆ. 2019ರ ಆಗಸ್ಟ್‌ನಲ್ಲಿ ಇದೇ ಮಲಪ್ರಭೆ ಉಕ್ಕಿ ಆ ಪಟ್ಟಣದ ಓಣಿಗಳಿಗೆ ನುಗ್ಗಿತು. ಹೊಳೆಸಾಲಿನ ಊರುಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು. ಬಿದ್ದ ಗೋಡೆಯ ಫೋಟೋವನ್ನು ಪತ್ರಕರ್ತರು ತೆಗೆಯುತ್ತಾರೆ, ಪರಿಹಾರದ ಕಡತಕ್ಕೆಂದು ಅಧಿಕಾರಿಗಳೂ ತೆಗೆಯುತ್ತಾರೆ. ಬೀಳುವ ಮುಂಚೆ ಆ ಗೋಡೆ ಹೇಗಿತ್ತು, ಅದಕ್ಕೆ ಯಾವ ಬಣ್ಣದ ಬಾಗಿಲಿತ್ತು, ಕಟ್ಟೆಯ ಮೇಲೆ ಯಾರು ಕೂಡುತ್ತಿದ್ದರು ಎಂಬುದನ್ನು ತೆಗೆಯಲು ಯಾವ ಇಲಾಖೆಯೂ ಬರುವುದಿಲ್ಲ. ಆ ಕೆಲಸಕ್ಕೆ ವಿಶೇಷ ಕಾರಣವಿಲ್ಲದೆ ಫೋಟೋ ಹೊಡೆಯುವವನೇ ಬೇಕು. ಹನ್ನೊಂದು ಮುಕ್ಕಾಲಿಗೆ ಬೇರೇನೂ ಸಿಗದೆ ರೊಟ್ಟಿಬುಟ್ಟಿ ಹೊಡೆದವನನ್ನು ಶಾಸ್ತ್ರ ಮೇಲಿಟ್ಟದ್ದು ಇದಕ್ಕೇ. ಮುಳುಗುವ ಸೂರ್ಯ ಮುಂದಿನ ಶತಮಾನದಲ್ಲೂ ಸಿಗುತ್ತಾನೆ. ಆ ಬುಟ್ಟಿ ಸಿಗುವುದು ಕಷ್ಟ.

ಆದ್ದರಿಂದ ಸಿದ್ಧಾಂತ ಇಷ್ಟು: ದಿನಾ ಫೋಟೋ ಹೊಡೆಯುವವನು ತನ್ನನ್ನು ಕಲಾವಿದನೆಂದು ತಿಳಿದಿದ್ದಾನೆ, ಆದರೆ ಅವನು ಪಗಾರವಿಲ್ಲದ ತಲಾಠಿ. ಬರೆಯುತ್ತಿರುವುದು ಊರಿನ ಉತಾರ. ತಲಾಠಿಯ ದಫ್ತರಕ್ಕೆ ಚೆಂದ ಮುಖ್ಯವಲ್ಲ, ನಮೂದು ಮುಖ್ಯ. ಬಿಗ್ಸ್, ಪಿಗೂ, ಗ್ರೀನ್‌ಲಾರ ಚಿತ್ರಗಳು ಇವತ್ತಿಗೂ ಕೆಲಸಕ್ಕೆ ಬರುವುದು ಅವು ಯಾವ ಊರಿನವು, ಯಾವ ಕಾಲದವು ಎಂದು ಗೊತ್ತಿರುವುದರಿಂದ. ಇಲ್ಲಿಯೇ ನಮ್ಮ ಹವ್ಯಾಸಿ ಸೋಲುತ್ತಾನೆ. ಫೋನು ಪ್ರತಿ ಫೋಟೋದೊಳಗೆ ತಾರೀಖು, ಗಂಟೆ, ಅನುಮತಿ ಕೊಟ್ಟಿದ್ದರೆ ಜಾಗವನ್ನೂ ಅಡಗಿಸಿ ಇಟ್ಟಿರುತ್ತದೆ. ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿನ ಆ ಮಾಹಿತಿಯೂ ಕಳಚಿಹೋಗುತ್ತದೆ. ಸ್ಟೇಟಸ್‌ಗೆ ಹಾಕಿದ್ದಂತೂ 24 ತಾಸಿಗೆ ಮಾಯ. ಫೋನು ಹೊಳೆಗೆ ಬಿದ್ದರೆ ಊರಿನ ಐದು ವರ್ಷದ ದಫ್ತರ ಮೀನಿನ ಪಾಲು.

ಹವ್ಯಾಸಿಗಳಲ್ಲಿ ವಿನಂತಿ ಇಷ್ಟೇ. ಮೂಲ ಫೋಟೋಗಳನ್ನು ವರ್ಷಕ್ಕೆ ಒಂದು ಸಲವಾದರೂ ಬೇರೆ ಎರಡು ಕಡೆ ನಕಲು ಮಾಡಿಡಿ. ಒಳ್ಳೆಯದೆನಿಸಿದ ಹತ್ತನ್ನು, ಕೆಟ್ಟದೆನಿಸಿದ ಹತ್ತನ್ನು ಪ್ರಿಂಟ್ ಹಾಕಿಸಿ. ನಿಮ್ಮ ಆಯ್ಕೆಯನ್ನು ಮೊಮ್ಮಕ್ಕಳು ಒಪ್ಪಲಿಕ್ಕಿಲ್ಲ. ಪ್ರಿಂಟಿನ ಹಿಂದೆ ಸೀಸದ ಕಡ್ಡಿಯಲ್ಲಿ ತಾರೀಖು, ಜಾಗ, ಇದ್ದವರ ಹೆಸರು ಬರೆಯಿರಿ; ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಂಬದಿಗೆ ಗೀರು ಮೂಡುತ್ತದೆ. ಊರಿನ ಹೆಸರು ಬರೆಯುವಾಗ ಅವಸರಕ್ಕೆ ಬರೀ ‘ಹುಬ್ಬಳ್ಳಿ’ ಎಂದು ಬಿಡಬೇಡಿ, ಮುಂದೆ ಸಿದ್ಧಾರೂಢರ ಹುಬ್ಬಳ್ಳಿಯವರು ಅದು ತಮ್ಮದೆಂದು ಹಕ್ಕು ಹೂಡಿಯಾರು. ‘ಎಂ.ಕೆ.’ ಸೇರಿಸಿ ಬರೆಯಿರಿ, ತಾಲ್ಲೂಕು ಕಿತ್ತೂರು, ಜಿಲ್ಲೆ ಬೆಳಗಾವಿ ಎಂದೂ ಬರೆಯಿರಿ.